ಕೆರಿಯಮ್ಮ ಸುತ್ತಿದ ಎರಡು ಸುರುಳಿ

ಕೆರಿಯಮ್ಮ ಎಣಿಸುತ್ತಿರುವಾಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿಲ್ಲ. ಹೊಸನಗರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಆ ಅಂಗಡಿಗೆ ಸುಟ್ಟ ಪಂಪು, ಸುಟ್ಟ ಮಿಕ್ಸಿ ತರುವ ಜನಕ್ಕೆಲ್ಲ ಇದು ಗೊತ್ತು. ಅಪರ್ಣಾಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿಯಿಂದ ಹತ್ತು ಕಿಲೋ ತೂಕದ ಹಳೆಯ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ ಅವಳು ಬಾಗಿಲಲ್ಲಿ ನಿಂತೇ, "ನಮಸ್ಕಾರ, ಕೆರಿಯಮ್ಮ ಅಂದ್ರೆ ನೀವೇನಾ?" ಎಂದಳು.

ಮುಂದಿನ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಅಂಗೈ ಎತ್ತಿ ಅವಳನ್ನು ತಡೆದರು.

"ಶ್... ಅವಳು ಎಂಟುನೂರರ ಮನೇಲಿ ಇದಾಳೆ. ಕೂತ್ಕಳಿ."

ಅಪರ್ಣಾ ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಕೂತಳು. ಒಳಗೆ ಕಿಟಕಿಯ ಬೆಳಕಿನಲ್ಲಿ ಐವತ್ತೈದರ ಆಸುಪಾಸಿನ ಹೆಂಗಸು ಬಲಗೈಯಲ್ಲಿ ಒಂದು ಚಿಕ್ಕ ಹಿಡಿ ತಿರುಗಿಸುತ್ತಿದ್ದರು. ಎಡಗೈಯ ಎರಡು ಬೆರಳ ನಡುವೆ ತಾಮ್ರದ ತಂತಿ ಹರಿದು ಸುರುಳಿಯಾಗುತ್ತಿತ್ತು. ತುಟಿ ಮಾತ್ರ ಅಲುಗುತ್ತಿತ್ತು. ಪಕ್ಕದಲ್ಲಿ ಎರಡು ಸ್ಟೀಲ್ ತಟ್ಟೆ. ಸ್ವಲ್ಪ ಹೊತ್ತಿಗೊಮ್ಮೆ ಅವರು ಹಿಡಿ ನಿಲ್ಲಿಸಿ, ಎಡ ತಟ್ಟೆಯಿಂದ ಒಂದು ಗೋಟಡಿಕೆ ತೆಗೆದು ಬಲ ತಟ್ಟೆಗೆ ಹಾಕಿ ಮತ್ತೆ ಶುರುಮಾಡುತ್ತಿದ್ದರು. ನೂರು ಸುತ್ತಿಗೆ ಒಂದು ಅಡಿಕೆ ಎಂದು ಅಪರ್ಣಾಗೆ ಅರ್ಥವಾಗಲು ಎರಡು ಅಡಿಕೆ ದಾಟಬೇಕಾಯಿತು. ಸುತ್ತುವ ಯಂತ್ರಕ್ಕೆ ಎಣಿಸುವ ಮೀಟರೂ ಇತ್ತು. ಆದರೆ ಅದರ ಹಲ್ಲು ಸವೆದು ನೂರಕ್ಕೆ ಒಂದೆರಡು ನುಂಗುತ್ತದಂತೆ. ಅಡಿಕೆ ನುಂಗುವುದಿಲ್ಲ.

ಕೊನೆಗೆ ತಂತಿಯ ತುದಿಗೆ ಗಂಟು ಹಾಕಿ ಅವರು ತಲೆಯೆತ್ತಿದರು. "ಈಗ ಹೇಳಿ."

"ನಾನು ಮಾತಾಡಿ ಲೆಕ್ಕ ತಪ್ಪಿಸಿದ್ನಾ?"

"ಇಲ್ಲ, ತಡೆಯಕ್ಕೆ ಇವರಿದ್ರಲ್ಲ." ಕೆರಿಯಮ್ಮ ಬೆಂಚಿನ ಮೇಲಿದ್ದ ಗಂಡನನ್ನು ಗಲ್ಲದಿಂದಲೇ ತೋರಿಸಿದರು. "ನಮ್ಮನೆಯವರಿಗೆ ಅದೊಂದೇ ಕೆಲಸ."

"ಬೆಳಿಗ್ಗೆ ತಿಂಡಿ ಮಾಡಿದ್ದು ಯಾರು ಹಂಗಾದ್ರೆ?" ಎಂದರು ಜಯಪ್ಪ.

"ಎರಡು ಕೆಲಸ," ಎಂದರು ಕೆರಿಯಮ್ಮ.

ಅಪರ್ಣಾ ತೀರ್ಥಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಪೆಟ್ಟಿಗೆ ಅವಳ ಮಾವ ಮುಕುಂದಯ್ಯನವರದು. ಅವರು ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು, ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಗಳಿಗೆ ಇಪ್ಪತ್ತೆರಡು ವರ್ಷ ರೆಫರಿ ಆಗಿದ್ದವರು. ಈಗ ಎಪ್ಪತ್ತೆಂಟು. ಗ್ಲಾಕೋಮಾ ಬಂದು ಐದು ವರ್ಷದಿಂದ ಕಣ್ಣು ಕಾಣುವುದಿಲ್ಲ. ಆದರೂ ಅವರು ಟಿವಿ ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದು ಅವರದೇ ಮಾತು. ೧೯೮೮ರಲ್ಲಿ ಸಾಗರದಿಂದ ಕೊಂಡು ತಂದ ಈ ಆಂಪ್ಲಿಫೈಯರಿಗೆ ಟಿವಿಯ ಬೆನ್ನಿನ ಕೆಂಪು ಬಿಳಿ ತೂತುಗಳಿಂದ ತಂತಿ ಎಳೆದು, ಹಾಲಿನ ಎರಡು ಮೂಲೆಯಲ್ಲಿ ಮರದ ಸ್ಪೀಕರ್ ಇಟ್ಟುಕೊಂಡಿದ್ದರು. ವಯಸ್ಸಿಗೆ ಕಿವಿಯೂ ಮೊದಲಿನಂತಿರಲಿಲ್ಲ. ಸ, ಶ, ತ, ಟ ಒಂದೇ ಥರ ಕೇಳುತ್ತಿದ್ದವು. ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಅಷ್ಟು ತಿರುಗಿಸಿದರೆ ಅವು ಬೇರೆಬೇರೆಯಾಗಿ ಬಿಡಿಸಿಕೊಂಡು ಬರುತ್ತಿದ್ದವು. ಸಂಜೆ ಪಂದ್ಯವಿದ್ದರೆ ಮನೆಯವರೆಲ್ಲರಿಗಿಂತ ಮೊದಲು ಕುರ್ಚಿ ಹಿಡಿಯುವವರು ಅವರೇ. ವೀಕ್ಷಕ ವಿವರಣೆಯವರ ಜೊತೆ ಜಗಳ ಆಡುವವರೂ ಅವರೇ.

ಕಳೆದ ಮೇ ತಿಂಗಳಲ್ಲಿ ಸಿಡಿಲು ಹೊಡೆದು ಆ ಟಿವಿ ಹೋಯಿತು. ಅಪರ್ಣಾಳ ಗಂಡ ಹರ್ಷ ಹೊಸದು ತಂದ. ಬೆರಳಿನಷ್ಟು ದಪ್ಪದ ಟಿವಿ. ಅದರ ಸ್ಪೀಕರು ಹಿಂದೆ ಗೋಡೆಯ ಕಡೆಗೆ ಮುಖ ಮಾಡಿಕೊಂಡಿತ್ತು. ಕೆಂಪು ಬಿಳಿ ತೂತು ಇರಲಿಲ್ಲ. ಉಳಿದವರಿಗೆ ಅದರಿಂದ ತೊಂದರೆಯಾಗಲಿಲ್ಲ, ಅವರು ಮುಖ ನೋಡಿ ಮಾತು ಊಹಿಸುತ್ತಿದ್ದರು. ಮುಕುಂದಯ್ಯನವರು "ಎಂತ ಹೇಳ್ದ?" ಎಂದು ಕೇಳುತ್ತಿದ್ದರು. ಮೊದಮೊದಲು ಎಲ್ಲರೂ ಬಿಡಿಸಿ ಹೇಳಿದರು. ಆಮೇಲೆ ಹರ್ಷನ ಉತ್ತರ ಚಿಕ್ಕದಾಗುತ್ತ ಬಂತು. ಆಮೇಲೆ ಮುಕುಂದಯ್ಯನವರು ಕೇಳುವುದನ್ನು ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹಾಲಿಗೆ ಬರುವುದನ್ನೇ ಬಿಟ್ಟು, ಏಳಕ್ಕೆ ಊಟ ಮುಗಿಸಿ ಕೋಣೆಯ ಬಾಗಿಲು ಎಳೆದುಕೊಳ್ಳತೊಡಗಿದರು. ಕಬಡ್ಡಿ ಲೀಗ್ ಶುರುವಾದ ದಿನವೂ ಬಾಗಿಲು ತೆರೆಯಲಿಲ್ಲ. "ಇವರು ಹಿಂಗೇ ಒಳಗೆ ಕೂತ್ರೆ ವರ್ಷ ಕಳೆಯೋದ್ರೊಳಗೆ ಮಾತೂ ಬಿಡ್ತಾರೆ" ಎಂದು ಅತ್ತೆ ಮಂಗಳಗೌರಿ ಅಡುಗೆಮನೆಯಲ್ಲಿ ಹೇಳಿದ್ದು ಅಪರ್ಣಾಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ದಸರಾ ರಜೆಯಲ್ಲಿ ಅವಳೇ ಕೆಲಸಕ್ಕೆ ಕೈಹಾಕಿದಳು. ಹೊಸ ಟಿವಿಯಲ್ಲಿ ಇಯರ್‌ಫೋನ್ ಹಾಕುವ ತೂತು ಒಂದಿತ್ತು. ಒಂದು ತುದಿಯಲ್ಲಿ ಇಯರ್‌ಫೋನಿನ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್ನು ಇರುವ ತಂತಿ ತಂದಳು. ಆಂಪ್ಲಿಫೈಯರಿನ ಬೆನ್ನಿನಲ್ಲಿ ಫೋನೋ, ಟ್ಯೂನರ್, ಆಕ್ಸ್ ಎಂದು ಮೂರು ಜೋಡಿ ತೂತು. ಫೋನೋಗೆ ಹಾಕಿದರೆ ಸ್ಪೀಕರು ಗುಡುಗಿತು. ಅದು ಗ್ರಾಮಫೋನಿನ ಮುಳ್ಳಿನ ಸಣ್ಣ ಸದ್ದಿಗೆಂದು ಮಾಡಿದ ದಾರಿ ಎಂದು ಓದಿ ತಿಳಿದು, ಆಕ್ಸ್‌ಗೆ ಬದಲಿಸಿದಳು. ಟಿವಿಯ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಉಳಿದದ್ದನ್ನು ಆಂಪ್ಲಿಫೈಯರಿನ ಗುಂಡಿಗೆ ಬಿಟ್ಟಳು. ಮಾತು ಬಂತು. ಜೊತೆಗೆ ಗುಂಯ್ ಎನ್ನುವ ಸದ್ದೂ ಬಂತು. ತಂತಿ ಬದಲಿಸಿದಳು, ಪ್ಲಗ್ ತಿರುಗಿಸಿ ಹಾಕಿದಳು, ಎಚ್‌ಡಿಎಂಐ ತೂತಿನಿಂದ ಸದ್ದು ಎಳೆಯುವ ಚಿಕ್ಕ ಡಬ್ಬಿಯೊಂದನ್ನು ತರಿಸಿ ಜೋಡಿಸಿದಳು. ಎಲ್ಲ ದಾರಿಯಲ್ಲೂ ಅದೇ ಗುಂಯ್. ಹರ್ಷನಿಗೆ ಅದು ದೊಡ್ಡದೆನಿಸಲಿಲ್ಲ. ಮುಕುಂದಯ್ಯನವರು ಎರಡು ನಿಮಿಷ ಕೇಳಿ ಎದ್ದರು.

"ಮಂಜಿನೊಳಗೆ ಆಟ ನೋಡ್ದಂಗೆ ಆಗ್ತದೆ. ಎಂತಕ್ಕೆ ತಲೆ ಕೆಡಿಸ್ಕೊಳ್ತಿ, ಬಿಡು." ಕೋಣೆಯ ಬಾಗಿಲಲ್ಲಿ ನಿಂತು ಅವರೇ ಇನ್ನೊಂದು ಮಾತು ಸೇರಿಸಿದರು: "ಪೆಟ್ಟಿಗೆ ಹಾಳಾಗಿದ್ರೆ ಹೊಸನಗರದ ಕೆರಿಯಮ್ಮನ ಹತ್ರ ಕೊಡು. ೨೦೦೬ರಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಅವಳೇ ಸುತ್ತಿ ಕೊಟ್ಟಿದ್ದು."

ಇಷ್ಟನ್ನೂ ಅಪರ್ಣಾ ಒಂದಾದ ಮೇಲೊಂದರಂತೆ ಹೇಳಿದಳು. ಕೆರಿಯಮ್ಮ ನಡುವೆ ಬಾಯಿ ಹಾಕಲಿಲ್ಲ. ಪೆಟ್ಟಿಗೆ ಬಿಚ್ಚಿದರು. ಟ್ರಾನ್ಸ್‌ಫಾರ್ಮರಿನ ಮೇಲೆ ಹಳದಿಯಾದ ಚೀಟಿಯೊಂದರಲ್ಲಿ ಅವರದೇ ಅಕ್ಷರದಲ್ಲಿ ಇಸವಿ, ಸುತ್ತುಗಳ ಸಂಖ್ಯೆ. ಅದನ್ನು ಓದಿ ತಲೆದೂಗಿ, ಗಂಡನ ಮೊಬೈಲಿನಿಂದ ಅದಕ್ಕೆ ಹಾಡು ಕೊಟ್ಟರು. ಹಾಡು ನಿಲ್ಲಿಸಿ ವಾಲ್ಯೂಮ್ ಪೂರ್ತಿ ಏರಿಸಿದರು. ಅಪರ್ಣಾ ಅಂಗಡಿಯ ಸ್ಪೀಕರಿಗೆ ಕಿವಿ ಹಚ್ಚಿದಳು. ಏನೂ ಇರಲಿಲ್ಲ.

"ಪೆಟ್ಟಿಗೆ ಸರಿ ಇದೆ ಟೀಚರಮ್ಮ. ಗುಂಯ್ ನಿಮ್ಮನೇಲೇ ಕೂತಿದೆ. ಅದು ಹೆಂಗಿದೆ, ಹೇಳಿ ನೋಡಣ."

"ಐವತ್ತು ಹರ್ಟ್ಸ್ ಇರ್ಬೇಕು. ಅಥವಾ ನೂರು."

"ಸಂಖ್ಯೆ ಬ್ಯಾಡ. ಬಾಯಲ್ಲಿ ಮಾಡಿ ತೋರಿಸಿ."

ಅಪರ್ಣಾ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ತುಟಿ ಮುಚ್ಚಿ ಗುಂಯ್‌ಗುಟ್ಟಿದಳು.

"ಶ್ರುತಿ ಚೆನ್ನಾಗಿದೆ," ಎಂದರು ಜಯಪ್ಪ.

ಕೆರಿಯಮ್ಮ ನಗಲಿಲ್ಲ. "ಅದು ಐವತ್ತೇ. ಮನೇಲಿ ಅರ್ತ್ ಎಷ್ಟಿದೆ?"

"ಅರ್ತ್ ಒಂದೇ ಅಲ್ವಾ ಇರೋದು?"

"ಇರಬೇಕಾದ್ದು ಒಂದು," ಎಂದರು ಕೆರಿಯಮ್ಮ. "ಭಾನುವಾರ ಆ ಕಡೆ ಒಂದು ಪಂಪು ಇಳಿಸೋದಿದೆ. ಮಧ್ಯಾಹ್ನ ಬರ್ತೀನಿ."

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಆ ಹೊತ್ತಿನಲ್ಲಿ ಜಯಪ್ಪ ಹೇಳಿದ್ದರಿಂದ ಅಪರ್ಣಾಗೆ ಈ ಅಂಗಡಿಯ ಕಥೆ ತಿಳಿಯಿತು. ಬೋರ್ಡಿನಲ್ಲಿ 'ಜಯಪ್ಪ ವೈಂಡಿಂಗ್ ವರ್ಕ್ಸ್' ಎಂದಿದೆ. ಅಂಗಡಿ ಹಾಕಿದ್ದೂ ಜಯಪ್ಪನವರೇ, ಸಾಗರದಲ್ಲಿ ನಾಲ್ಕು ವರ್ಷ ಕೆಲಸ ಕಲಿತು ಬಂದು. ಆದರೆ ಅವರು ಸುತ್ತಿದ ಮೋಟರುಗಳು ಆರು ತಿಂಗಳಿಗೆ ಮತ್ತೆ ಸುಟ್ಟು ವಾಪಸು ಬರುತ್ತಿದ್ದವು. ತಾಮ್ರದ ತಂತಿ ಸರಿಯಿಲ್ಲ ಎಂದು ಅವರು ಬೈಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಕೆರಿಯಮ್ಮನ ಕೆಲಸ ಸುಟ್ಟ ತಂತಿಯನ್ನು ಬಿಚ್ಚಿ ಗುಜರಿಗೆ ಕಟ್ಟಿಡುವುದು. ಏಳನೇ ತರಗತಿವರೆಗೆ ಓದಿದವರು. ಬಿಚ್ಚುವಾಗ ಬೇಜಾರು ಕಳೆಯಲು ಸುಮ್ಮನೆ ಎಣಿಸಿದರು. ಒಂದು ಸುರುಳಿಯಲ್ಲಿ ಐವತ್ತೆಂಟು ಸುತ್ತು, ಪಕ್ಕದ್ದರಲ್ಲಿ ಅರವತ್ತೊಂದು, ಅದರ ಆಚೆಯದರಲ್ಲಿ ಐವತ್ತೈದು. ಮರುದಿನ ಇನ್ನೊಂದು ಮೋಟರು ಬಿಚ್ಚಿ ಅದನ್ನೂ ಎಣಿಸಿದರು. ಮೂರನೆಯದೂ ಹಾಗೇ ಆದ ಮೇಲೆ ರಾತ್ರಿ ಊಟಕ್ಕೆ ಬಡಿಸುತ್ತ, "ತಂತಿ ಸರಿ ಇದೆ. ನೀವು ಮಾತಾಡ್ತಾ ಸುತ್ತೀರಿ" ಎಂದರಂತೆ.

"ಒಂದು ವಾರ ಮಾತು ಬಿಟ್ಟಿದ್ದೆ ನಾನು," ಎಂದರು ಜಯಪ್ಪ. "ಆಮೇಲೆ ಯೋಚನೆ ಮಾಡ್ದೆ. ನಂಗೆ ಮಾತು ಬರ್ತದೆ, ಅವಳಿಗೆ ಲೆಕ್ಕ ಬರ್ತದೆ. ಕೆಲಸ ಹಂಚ್ಕಂಡ್ವಿ. ಮೂವತ್ತೆರಡು ವರ್ಷ ಆತು. ವಾಪಸು ಬಂದ ಮೋಟರು ಬೆರಳಲ್ಲಿ ಎಣಿಸ್ಬಹುದು."

"ಹನ್ನೊಂದು," ಎಂದಿತು ಒಳಗಿನ ದನಿ.

ಭಾನುವಾರ ಎರಡು ಗಂಟೆಗೆ ಕೆರಿಯಮ್ಮ ಬಂದರು. ಹಾಲಿನಲ್ಲಿ ಪೆಟ್ಟಿಗೆ ಜೋಡಿಸಿ, ಟಿವಿ ಹಚ್ಚಿ ಗುಂಯ್ ಕೇಳಿಸಿಕೊಂಡು, "ಮೇಷ್ಟ್ರು ಎಲ್ಲಿ?" ಎಂದರು.

"ಮಲಗಿದಾರೆ," ಎಂದ ಹರ್ಷ. "ನೀವು ಸರಿ ಮಾಡಿ, ಆಮೇಲೆ ಕರೀತೀನಿ."

"ಆಮೇಲೆ ಎಂತಕ್ಕೆ? ನಂಗೆ ಅವರ ಕಿವಿ ಈಗ ಬೇಕು. ಮೂವತ್ತು ವರ್ಷ ಮೋಟರ್ ಕೇಳಿ ನನ್ನ ಕಿವಿ ಅಷ್ಟು ಸಾಲದು."

ಅಪರ್ಣಾ ಹೋಗಿ ಕರೆದಳು. ಮೇ ತಿಂಗಳಿನಿಂದ ಮನೆಯಲ್ಲಿ ಎಲ್ಲರೂ ಮಾವನಿಗಾಗಿ ಏನಾದರೂ ಮಾಡಲು ನೋಡುತ್ತಿದ್ದರು. ಅವರಿಂದ ಏನಾದರೂ ಬೇಕು ಎಂದು ಕೇಳಿದವರು ಇವರೊಬ್ಬರೇ. ಮುಕುಂದಯ್ಯನವರು ಎದ್ದು ಅಂಗಿ ಹಾಕಿಕೊಂಡೇ ಬಂದರು.

"ಒಂದೊಂದಾಗಿ ತೆಗೀತೀನಿ ಮೇಷ್ಟ್ರೇ. ಸದ್ದು ಇದ್ರೆ ಇದೆ ಅನ್ನಿ. ಹೋದ್ರೆ ಹೋತು ಅನ್ನಿ. ನಡುವಿಂದು ಬ್ಯಾಡ."

"ಔಟು, ನಾಟೌಟು. ಗೊತ್ತಾಯ್ತು," ಎಂದರು ಮುಕುಂದಯ್ಯ.

ಕೆರಿಯಮ್ಮ ಫ್ರಿಜ್ಜಿನ ಪ್ಲಗ್ ತೆಗೆದರು. "ಇದೆ." ಫ್ಯಾನು ನಿಲ್ಲಿಸಿದರು. "ಇದೆ." ಇನ್ವರ್ಟರ್ ಆರಿಸಿದರು. "ಇದೆ." ಸೆಟ್‌ಟಾಪ್ ಪೆಟ್ಟಿಗೆಯ ಬೆನ್ನಿನಲ್ಲಿ ಡಿಶ್‌ನಿಂದ ಬಂದ ಕೇಬಲ್ಲನ್ನು ತಿರುಗಿಸಿ ಎಳೆದರು.

"ಹೋತು."

ಮತ್ತೆ ಹಾಕಿದರು. "ಬಂತು." ಮತ್ತೆ ತೆಗೆದರು. "ಹೋತು. ಸ್ವಚ್ಛ."

ಕೆರಿಯಮ್ಮ ಆ ಕೇಬಲ್ ಹಿಡಿದು ಮಹಡಿಗೆ ಹೋದರು. ಡಿಶ್ ನಿಲ್ಲಿಸಿದ ಕಬ್ಬಿಣದ ಕಂಬಕ್ಕೆ ಹೊಸ ತಾಮ್ರದ ಪಟ್ಟಿ ಬಿಗಿದು ಅಂಗಳದ ಗುಂಡಿಯೊಂದಕ್ಕೆ ಇಳಿಬಿಡಲಾಗಿತ್ತು. ಸಿಡಿಲು ಹೊಡೆದ ವಾರವೇ ಹರ್ಷ ಹಾಕಿಸಿದ ಅರ್ತ್ ಅದು. ಕೆಳಗಿಳಿದು ಆಂಪ್ಲಿಫೈಯರಿನ ಬೆನ್ನು ತಡವಿದರು. ಅಲ್ಲೊಂದು ಮಾಸಿದ ಹಸಿರು ತಂತಿ ಕಿಟಕಿಯಿಂದ ಹೊರಗೆ ಹೋಗಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದೊಳಗೆ ಇಳಿದಿತ್ತು.

"ಅದು ನಂದು," ಎಂದರು ಮುಕುಂದಯ್ಯ. "ತೊಂಬತ್ತೊಂದರಲ್ಲಿ ರೇಡಿಯೋಕ್ಕೆ ಸಿಡಿಲು ಹೊಡೀತು. ಪೆಟ್ಟಿಗೆ ಉಳೀಲಿ ಅಂತ ನಾನೇ ಗುಂಡಿ ತೋಡಿ ಇದ್ದಲು, ಉಪ್ಪು ಹಾಕಿ ಹುಗಿದಿದ್ದೆ."

ಮನೆಯ ವಯರಿಂಗಿನ ಅರ್ತ್ ಸೇರಿದರೆ ಒಟ್ಟು ಮೂರು. ಮಲೆನಾಡಿನಲ್ಲಿ ಪ್ರತಿ ಸಿಡಿಲಿಗೂ ಪ್ರತಿ ಮನೆಯೂ ಒಂದೊಂದು ಅರ್ತ್ ಸೇರಿಸುತ್ತದೆ, ತೆಗೆಯುವವರು ಯಾರೂ ಇಲ್ಲ. ಅಪರ್ಣಾ ಅಂಗಳದಲ್ಲೇ ನಿಂತಳು. ಹತ್ತನೇ ತರಗತಿಗೆ ಪ್ರತಿ ವರ್ಷ ಅರ್ತಿನ ಪಾಠ ಮಾಡುವವಳು ಅವಳು. ಎರಡು ಗುಂಡಿಯ ಮಣ್ಣು ಒಂದೇ ಅಲ್ಲ, ಅವುಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಡಿಶ್‌ನ ಗುಂಡಿಯಿಂದ ಕೇಬಲ್ ಹಿಡಿದು ಟಿವಿಗೆ, ಟಿವಿಯಿಂದ ಅವಳು ತಂದ ತಂತಿ ಹಿಡಿದು ಆಂಪ್ಲಿಫೈಯರಿಗೆ, ಅಲ್ಲಿಂದ ಹಸಿರು ತಂತಿಯಲ್ಲಿ ಹಿತ್ತಲಿನ ಗುಂಡಿಗೆ ಒಂದು ಪುಟ್ಟ ಕರೆಂಟು ಸುತ್ತು ಹಾಕುತ್ತಿತ್ತು. ಆ ಸುತ್ತನ್ನು ಕೂಡಿಸಿದ್ದು ಅವಳದೇ ತಂತಿ.

ಹರ್ಷ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಬಂದ. "ಸುಲಭ ಆಯ್ತಲ್ಲ. ಅಪ್ಪನ ಹಳೇ ತಂತಿ ಕತ್ತರಿಸಿದ್ರೆ ಮುಗೀತು."

"ಕತ್ತರಿಸು," ಎಂದರು ಮುಕುಂದಯ್ಯ.

"ಮುಟ್ಟಬ್ಯಾಡಿ," ಎಂದರು ಕೆರಿಯಮ್ಮ. ದನಿ ಏರಲಿಲ್ಲ. ಆದರೆ ಹರ್ಷನ ಕೈ ನಿಂತಿತು. "ಪೆಟ್ಟಿಗೆ ಪೂರ್ತಿ ಕಬ್ಬಿಣದ್ದು, ಮೂವತ್ತೇಳು ವರ್ಷದ್ದು. ಒಳಗೆ ಒಂದು ತಂತಿ ಸಡಿಲಾಗಿ ಮೈಗೆ ತಾಗಿದ್ರೆ? ಮೇಷ್ಟ್ರು ಅದನ್ನ ಕಣ್ಣಲ್ಲಿ ನೋಡಿ ಮುಟ್ಟಲ್ಲ, ತಡವಿ ಮುಟ್ಟೋರು. ಕೈ ಒದ್ದೆ ಇರ್ತದೆ ಒಂದೊಂದ್ಸಲ. ಆ ಹಸಿರು ತಂತಿ ಇರಬೇಕು."

"ಹಂಗಾದ್ರೆ ಡಿಶ್‌ದು ತೆಗೀಲಾ?"

"ಮುಂದಿನ ಮೇ ತಿಂಗಳಿಗೆ ಇನ್ನೊಂದು ಟಿವಿ ತರೋ ಮನಸ್ಸಿದ್ರೆ ತೆಗೀರಿ."

ಮಂಗಳಗೌರಿಯವರು ಕಾಫಿ ತಂದು, "ಎರಡೂ ಇರಬೇಕು, ಸದ್ದೂ ಹೋಗ್ಬೇಕು ಅಂದ್ರೆ ಹೆಂಗೆ ಕೆರಿಯಮ್ಮ?" ಎಂದರು.

"ನಡುವೆ ತಂತಿ ಇರಬಾರ್ದು ಅಷ್ಟೇ ಅಮ್ಮ. ಟಿವಿ ಕಡೆಗೆ ಒಂದು ಸುರುಳಿ, ಪೆಟ್ಟಿಗೆ ಕಡೆಗೆ ಒಂದು ಸುರುಳಿ. ಒಂದರ ಮೇಲೊಂದು ಕೂತಿರ್ತವೆ, ಮುಟ್ಟಲ್ಲ. ಮಾತು ದಾಟ್ತದೆ, ಅರ್ತಿನ ಕರೆಂಟು ದಾಟಲ್ಲ." ಕಾಫಿ ಲೋಟ ಕೆಳಗಿಟ್ಟು ಅಪರ್ಣಾಳನ್ನು ನೋಡಿದರು. "ಟೀಚರಮ್ಮಂಗೆ ಇದು ಗೊತ್ತಿರೋದೇ."

ಗೊತ್ತಿತ್ತು. ಟ್ರಾನ್ಸ್‌ಫಾರ್ಮರಿನ ಚಿತ್ರವನ್ನು ಅವಳು ಕರಿಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲಳು. ಅದನ್ನು ತನ್ನ ಮನೆಯ ಹಾಲಿನಲ್ಲಿ ಎಲ್ಲಿಡಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

ಎಡದ ಸ್ಪೀಕರಿಗೊಂದು, ಬಲದ್ದಕ್ಕೊಂದು ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಒಂದೊಂದರಲ್ಲೂ ಎರಡು ಸುರುಳಿ, ಒಂದೊಂದು ಸುರುಳಿಗೆ ಸಾವಿರದ ಇನ್ನೂರು ಸುತ್ತು. ತಂತಿ ತಲೆಗೂದಲಿನಷ್ಟೇ ದಪ್ಪ, ಸ್ವಲ್ಪ ಜಗ್ಗಿದರೆ ತುಂಡಾಗುತ್ತದೆ. ಬೆವರು ತಾಗಬಾರದೆಂದು ಕೆರಿಯಮ್ಮ ಅದನ್ನು ಬೆಳಗಿನ ತಂಪಿನಲ್ಲಿ ಮಾತ್ರ ಸುತ್ತುತ್ತಾರೆ. ಒಂದು ವಾರ ಹಿಡಿಯಿತು. ವಾರದ ನಡುವೆ, ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಕೆಲಸ ಎಲ್ಲಿಗೆ ಬಂತೆಂದು ಅಪರ್ಣಾ ಒಮ್ಮೆ ಫೋನ್ ಮಾಡಿದಳು. "ಆಗ್ತಾ ಇದೆ" ಎಂದಷ್ಟೇ ಹೇಳಿ ಕೆರಿಯಮ್ಮ ಇಟ್ಟರು.

ಮುಂದಿನ ಭಾನುವಾರ ಅವರು ತಂದದ್ದು ಹಳೆಯ ತಿಂಡಿ ಡಬ್ಬಿಯೊಂದರಲ್ಲಿ ಕೂರಿಸಿದ ಜೋಡಿ. ಒಂದು ಬದಿ ಟಿವಿಯ ತಂತಿ, ಇನ್ನೊಂದು ಬದಿ ಆಂಪ್ಲಿಫೈಯರಿನ ತಂತಿ. ಡಿಶ್‌ನ ಕೇಬಲ್ ಹಾಕಿದ್ದಂತೆಯೇ ಟಿವಿ ಹಚ್ಚಿದರು. ಎಲ್ಲರೂ ಕಾದರು. ಗುಂಯ್ ಇರಲಿಲ್ಲ. ವಾರ್ತೆ ಓದುವ ಹೆಂಗಸಿನ ದನಿ ಹಾಲಿನ ನಡುವೆ ಸ್ವಚ್ಛವಾಗಿ ನಿಂತಿತು. ಮಂಗಳಗೌರಿಯವರು ಕಣ್ಣೊರೆಸಿಕೊಂಡರು.

ಮುಕುಂದಯ್ಯನವರು ತಲೆ ಸ್ವಲ್ಪ ಓರೆ ಮಾಡಿದರು. "ಗುಂಯ್ ಹೋತು. ಆದ್ರೆ ಓದೋಳು ಚೂರು ಬಲಕ್ಕೆ ಸರಿದು ಕೂತಿದಾಳೆ."

"ಅಪ್ಪಾ," ಎಂದ ಹರ್ಷ, "ನಡುವೇ ಇದಾಳೆ. ಕಣ್ಣೆದುರಿಗೇ ಕಾಣ್ತಾ ಇದೆ."

"ನಿಂಗೆ ಕಾಣ್ತದೆ."

ಮುಕುಂದಯ್ಯನವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. "ಇರ್ಲಿ ಬಿಡಿ. ಇಷ್ಟಾಯ್ತಲ್ಲ, ಸಾಕು. ನಂದು ಭ್ರಮೆಯೂ ಇರಬಹುದು." ಆ 'ಸಾಕು' ಅಪರ್ಣಾ ಮಳೆಗಾಲ ಪೂರ್ತಿ ಕೇಳಿದ 'ಸಾಕು'. ಅದನ್ನು ಹೇಳಿದ ಮೇಲೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು.

"ಕೂತ್ಕಳಿ ಮೇಷ್ಟ್ರೇ," ಎಂದರು ಕೆರಿಯಮ್ಮ. "ಸಾಕಾಗಿದ್ರೆ ನಾನು ಬಸ್ಸಿಗೆ ಹೋಗ್ತಿದ್ದೆ. ನಂಗೆ ಕೇಳ್ತಾ ಇಲ್ಲ, ನಿಮಗೆ ಕೇಳ್ತಾ ಇದೆ. ಭ್ರಮೆನೋ ಅಲ್ವೋ ಈಗಲೇ ನೋಡಣ."

ಅವರು ಡಬ್ಬಿಯ ಎರಡೂ ಬದಿಯ ತಂತಿ ಕಳಚಿ, ಎಡದ ಟ್ರಾನ್ಸ್‌ಫಾರ್ಮರನ್ನು ಬಲದ ದಾರಿಗೆ, ಬಲದ್ದನ್ನು ಎಡದ ದಾರಿಗೆ ಹಾಕಿದರು. ಏನು ಮಾಡಿದೆನೆಂದು ಹೇಳಲಿಲ್ಲ.

"ಈಗ?"

"ಈಗ ಎಡಕ್ಕೆ ಸರಿದ್ಲು. ಅಷ್ಟೇ ದೂರ."

ಅಪರ್ಣಾಗೆ ಆಗ ಹೊಳೆಯಿತು. ಕಿವಿಯದಾಗಿದ್ದರೆ, ಸ್ಪೀಕರಿನದಾಗಿದ್ದರೆ ತಪ್ಪು ಇದ್ದಲ್ಲೇ ಇರುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಜೊತೆಗೇ ಜಾಗ ಬದಲಿಸಿತು ಎಂದರೆ ತಪ್ಪು ಅದರೊಳಗೇ ಇದೆ. ಪ್ರಯೋಗಾಲಯವಿಲ್ಲದೆ, ಒಂದು ಕಾಗದವೂ ಇಲ್ಲದೆ, ಒಂದೇ ನಡೆಯಲ್ಲಿ ಅಷ್ಟನ್ನೂ ತೀರ್ಮಾನಿಸಿದ ಹೆಂಗಸು ಆಗಲೇ ಜಗಲಿಯಲ್ಲಿ ಕೂತು, ತಪ್ಪಿದ್ದ ಟ್ರಾನ್ಸ್‌ಫಾರ್ಮರಿನ ಸುರುಳಿಯ ಸುತ್ತಲಿನ ಕಬ್ಬಿಣದ ತಗಡುಗಳನ್ನು ಕಳಚುತ್ತಿದ್ದರು.

ಹೊರಗಿನ ಸುರುಳಿಯನ್ನು ಬಿಚ್ಚುತ್ತ ಎಣಿಸಿದರು. ಸಾವಿರದ ನೂರಕ್ಕೆ ತಂತಿ ಮುಗಿಯಿತು.

ಕೆರಿಯಮ್ಮ ಒಳಗಿನ ಸುರುಳಿ ಮಾತ್ರ ಉಳಿದ ಅಚ್ಚನ್ನು ತಿರುಗಿಸಿ ನೋಡಿದರು. "ನೂರು ಕಮ್ಮಿ. ಒಂದು ಸಲ ಅಡಿಕೆ ಎರಡು ಹಾಕಿದೀನಿ." ಬೆರಳು ಮಡಿಚಿ ದಿನ ಎಣಿಸಿದರು. "ಬುಧವಾರ ಸುತ್ತಿದ್ದು ಇದು. ನಮ್ಮನೆಯವರು ತಂತಿ ತರಕ್ಕೆ ಸಾಗರಕ್ಕೆ ಹೋಗಿದ್ರು."

ಅಪರ್ಣಾ ಬಂದು ಅವರೆದುರು ಕೂತಳು. "ಬುಧವಾರ ಫೋನ್ ಮಾಡಿದ್ದು ನಾನೇ."

"ಫೋನ್ ಮಾಡಿದ್ದು ನೀವು. ಎತ್ತಿದ್ದು ನಾನು," ಎಂದರು ಕೆರಿಯಮ್ಮ. ಅಷ್ಟಕ್ಕೇ ಆ ಮಾತು ಮುಗಿಯಿತು. ಚೀಲದಿಂದ ಹೊಸ ತಂತಿಯ ರೀಲು, ಕೈಯಲ್ಲಿ ತಿರುಗಿಸುವ ಚಿಕ್ಕ ಯಂತ್ರ ಹೊರಬಂದವು. ಗಾಳಿ ತಂಪಿತ್ತು, ಕೈ ಬೆವರುತ್ತಿರಲಿಲ್ಲ. "ಇಲ್ಲೇ ಸುತ್ತಿಬಿಡ್ತೀನಿ. ನಮ್ಮನೆಯವರ ಕೆಲಸ ಮಾಡಕ್ಕೆ ಒಬ್ರು ಬೇಕು."

"ನಾನಿದೀನಿ," ಎಂದರು ಮುಕುಂದಯ್ಯ.

ಅವರನ್ನು ಎದುರಿಗೆ ಕೂರಿಸಿದರು. ಮಂಗಳಗೌರಿಯವರು ಎರಡು ತಟ್ಟೆ, ಹನ್ನೆರಡು ಅಡಿಕೆ ತಂದಿಟ್ಟರು. ಪ್ರತಿ ನೂರಕ್ಕೆ ಕೆರಿಯಮ್ಮ ಬೆರಳಿನಿಂದ ನೆಲ ತಟ್ಟುವುದು, ಮುಕುಂದಯ್ಯನವರು ಒಂದು ಅಡಿಕೆ ದಾಟಿಸುವುದು. ಮೂರನೇ ಅಡಿಕೆಯ ಹೊತ್ತಿಗೆ ಗೇಟಿನಲ್ಲಿ ಯಾರೋ ಹರ್ಷನನ್ನು ಕೂಗಿದರು. ಮುಕುಂದಯ್ಯನವರು ತಿರುಗದೆಯೇ ಕೈ ಎತ್ತಿ, ಅಂಗೈ ಚಾಚಿ, ಆಟ ನಿಲ್ಲಿಸುವ ರೆಫರಿಯಂತೆ ಹಿಡಿದರು. ಬಂದವರು ಗೇಟಿನಾಚೆಯೇ ನಿಂತರು. ಮುಕ್ಕಾಲು ಗಂಟೆ ಆ ಮನೆಯಲ್ಲಿ ಹಿಡಿ ತಿರುಗುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಹರ್ಷ ಮೊಬೈಲು ಆರಿಸಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದುದನ್ನು ಅಪರ್ಣಾ ಗಮನಿಸಿದಳು.

"ಹನ್ನೆರಡು," ಎಂದರು ಮುಕುಂದಯ್ಯ, ಕೊನೆಯ ತಟ್ಟಿಗೆ.

"ಹನ್ನೆರಡು," ಎಂದರು ಕೆರಿಯಮ್ಮ.

ತಗಡು ಕೂರಿಸಿ, ಬೆಸುಗೆ ಹಾಕಿ, ಡಬ್ಬಿ ಮುಚ್ಚುವ ಹೊತ್ತಿಗೆ ಐದು ದಾಟಿತ್ತು. ಹಿಂದಿನ ದಿನದ ಪಂದ್ಯದ ಮರುಪ್ರಸಾರ ಬರುತ್ತಿತ್ತು. ಹರ್ಷ ಅದನ್ನೇ ಹಾಕಿದ.

ಮುಕುಂದಯ್ಯನವರು ತಲೆ ಓರೆ ಮಾಡಲಿಲ್ಲ. "ಮಾತಾಡೋನು ನಡುವೆ ಬಂದ," ಎಂದರು. ಕೈಚಾಚಿ ಟ್ರೆಬಲ್ ಗುಂಡಿ ಹುಡುಕಿ ಕೂದಲೆಳೆಯಷ್ಟು ತಿರುಗಿಸಿದರು.

"ಹತ್ತು ನಿಮಿಷ ಕೇಳಿ ಮೇಷ್ಟ್ರೇ," ಎಂದರು ಕೆರಿಯಮ್ಮ. "ಏನಾದ್ರೂ ತಪ್ಪಿದ್ರೆ ಹೇಳಿ. ಆಮೇಲೆ ಹೊರಡ್ತೀನಿ."

ಅವರು ಚೀಲ ಕಟ್ಟಿಕೊಂಡು ಬಾಗಿಲ ಬಳಿ ಕೂತರು. ಹತ್ತು ನಿಮಿಷ ಕಳೆಯಿತು.

"ಎರಡು ರೇಡು ಬರಿದು ಹೋತು," ಎಂದರು ಮುಕುಂದಯ್ಯ, ಯಾರಿಗೆಂದು ಇಲ್ಲದೆ. "ಈಗ ಹೋಗೋನು ಬರಿಗೈಲಿ ಬರಂಗಿಲ್ಲ."

"ಮೇಷ್ಟ್ರೇ, ಬರ್ಲಾ? ಸರಿ ಇದೆಯಾ?" ಎಂದರು ಕೆರಿಯಮ್ಮ.

ಮುಕುಂದಯ್ಯನವರ ಕಿವಿ ಪಂದ್ಯದಲ್ಲಿತ್ತು. ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ, ಬಾಯಿ ಅರೆ ತೆರೆದು ಕೂತಿದ್ದರು. ಮಂಗಳಗೌರಿಯವರು ಗಂಡನ ಭುಜ ಮುಟ್ಟಲು ಹೋದಾಗ ಕೆರಿಯಮ್ಮ ಬೇಡವೆಂದು ತಲೆಯಾಡಿಸಿ ಸದ್ದಿಲ್ಲದೆ ಎದ್ದರು.

ಅಪರ್ಣಾ ಅವರ ಚೀಲ ಹಿಡಿದು ಗೇಟಿನವರೆಗೆ ಬಂದಳು. ಏನಾದರೂ ಹೇಳಬೇಕೆಂದಿದ್ದಳು. ಎಷ್ಟೋ ಪುಸ್ತಕ ಓದಿಯೂ ಕಲಿಯದ್ದನ್ನು ಎರಡು ಭಾನುವಾರದಲ್ಲಿ ಕಲಿತೆ ಎಂದೋ, ಅಂಥದ್ದೇನೋ. ಅಷ್ಟರಲ್ಲಿ ಒಳಗಿನಿಂದ ಮಾವನ ದನಿ ಕೇಳಿತು.

"ಗೆರೆ ದಾಟಿದಾನೆ ಅಂತ ಆ ಕಾಮೆಂಟರಿಯವ್ನೇ ಹೇಳ್ದ ಈಗ."

"ದಾಟಿಲ್ಲಪ್ಪ, ನಾನು ನೋಡ್ದೆ."

"ನೀ ಎಂತ ನೋಡ್ದೆ? ಇಪ್ಪತ್ತೆರಡು ವರ್ಷ ಗೆರೆ ನೋಡಿದೋನು ನಾನು. ದಾಟಿದ ಮೇಲೇ ಜನ ಕೂಗಿದ್ದು, ಮುಂಚೆ ಅಲ್ಲ."

"ಅಪ್ಪಾ, ರೀಪ್ಲೇ ತೋರಿಸ್ತಾ ಇದಾರೆ..."

"ತೋರಿಸ್ಲಿ. ತಪ್ಪು ತಪ್ಪೇ."

ಹರ್ಷ ಏನೋ ಹೇಳಲು ಹೋದ, ಮುಕುಂದಯ್ಯನವರು ಬಿಡಲಿಲ್ಲ, ಇಬ್ಬರ ದನಿಯೂ ಏರಿತು. ಅಪರ್ಣಾ ಗೇಟಿನ ಚಿಲಕ ಹಿಡಿದುಕೊಂಡೇ ನಿಂತಿದ್ದಳು.

"ನೀವು ಒಳಗೆ ಹೋಗಿ ಟೀಚರಮ್ಮ, ಜಗಳ ಜೋರಾಯ್ತು," ಎಂದು ಕೆರಿಯಮ್ಮ ಅವಳ ಕೈಯಿಂದ ಚೀಲ ತೆಗೆದುಕೊಂಡು, ಹೊಸನಗರದ ಬಸ್ಸಿಗೆ ರಸ್ತೆಯಲ್ಲಿ ಬೇಗಬೇಗ ನಡೆದರು.